ಮೇಷ್ಟ್ರ ಮನೆಯ ಗೋದಲಿ

ಮೊನ್ನೆ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ನೆನೆಸಿದ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಬಿಚ್ಚಿದಾಗ ಹಸಿ ಮೊಳಕೆಯ ವಾಸನೆ... ಹರಿಹರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕ್ರೈಸ್ತ ಮೇಷ್ಟ್ರು ನೆನಪಾದರು.

ಇತಿಹಾಸ ಕಲಿಸುತ್ತಿದ್ದ ಅವರಿಗೆ ಎಲ್ಲದರ ಮೇಲೂ ಗುಮಾನಿ. ಹಾಲಿನವನ ಮೇಲೆ, ಪಂಚಾಂಗದ ಮೇಲೆ, ಕೊನೆಗೆ ತಮ್ಮದೇ ಕ್ರಿಸ್‌ಮಸ್ ಮೇಲೂ. "ಡಿಸೆಂಬರ್ ಇಪ್ಪತ್ತೈದು ಅಂತ ಬೈಬಲ್‌ನಾಗೆ ಎಲ್ಲೈತ್ರಿ? ರೋಮಿನೋರು ಸೂರ್ಯಂಗೆ ಹಬ್ಬ ಮಾಡ್ತಿದ್ದ ದಿನ ಅದು" ಎನ್ನುತ್ತಿದ್ದರು. ಚಳಿ ದೇಶದವರು ಯೇಸುವಿಗಿಂತ ಮೊದಲೇ ಹಸಿರು ಕೊಂಬೆ ಪೂಜಿಸುತ್ತಿದ್ದರಂತೆ. ಆ ಕಾರಣಕ್ಕೆ ಕ್ರಿಸ್‌ಮಸ್ ಮರ ಹೋಯಿತು. ನಕ್ಷತ್ರವೂ ಅಟ್ಟ ಸೇರಿತು.

ಉಳಿದದ್ದು ಗೋದಲಿ, ಬಾಲಯೇಸುವನ್ನು ಮಲಗಿಸುವ ಪುಟ್ಟ ಕೊಟ್ಟಿಗೆ. ಅದರ ಸುತ್ತ ರಾಗಿ ಸಸಿ ಇಡುವುದು ಅವರ ಮನೆಯ ರೂಢಿ. ಒಂದು ವರ್ಷ ಅದನ್ನೂ ತಡೆದರು. ಕಟ್ಟೆಯ ಮೇಲೆ ಕೂತು ಅವ್ವನಿಗೂ ವಿವರಿಸಿದರು: "ಮಾರ್ನಮಿಗೆ ನೀವು ಘಟದ ಮುಂದೆ ಬೆಳೆಸ್ತೀರಲ್ಲ, ಅದೇ ಇದು. ನಮ್ಮಜ್ಜ ದೇವ್ರು ಬದಲಿಸಿದ್ರೂ ಸಸಿ ಬಿಡ್ಲಿಲ್ಲ. ಇನ್ಮ್ಯಾಲೆ ಬ್ಯಾಡ."

ಅಂದು ಸಂಜೆ ಅವರ ಹೆಂಡತಿ ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ನಮ್ಮ ಅಡುಗೆಮನೆಗೆ ಬಂದರು. "ಅಕ್ಕಾ, ಎಲ್ಲಾ ತೆಗೆದ್ರೆ ನನಗೆ ಹಬ್ಬ ಅಂತ ಏನ್ ಉಳೀತೈತೆ? ನಿಮ್ಮನ್ಯಾಗೆ ಬೆಳಸ್ರಿ" ಎಂದು ಅತ್ತರು. ಅವ್ವ ಮಣ್ಣಿನ ಬಟ್ಟಲಲ್ಲಿ ಬಿತ್ತಿ, ದೇವರ ಜಗಲಿಯ ಪಕ್ಕ ಇಟ್ಟಳು. ದಿನಾ ಪೂಜೆ ಮುಗಿಸುವಾಗ ಕೈ ರೂಢಿಗೆ ಆ ಬಟ್ಟಲಿಗೂ ವಿಭೂತಿ ಬಳಿದುಬಿಡುತ್ತಿದ್ದಳು. ಹಬ್ಬದ ಹಿಂದಿನ ದಿನ ಮೇಷ್ಟ್ರ ಹೆಂಡತಿ ಅದನ್ನು ಅವಸರದಲ್ಲಿ ಸೆರಗಿನಿಂದ ಒರೆಸಿ ಒಯ್ದರು. ಚರ್ಚಿನಲ್ಲಿ ಕೊಟ್ಟರೆಂದು ಗಂಡನಿಗೆ ಹೇಳಿದರು. ಅಂಥ ಮನುಷ್ಯ ಇದನ್ನು ನಿಜಕ್ಕೂ ನಂಬಿದರೇ ಎಂದು ನನಗೆ ಆಗಲೇ ಗುಮಾನಿಯಿತ್ತು. ಮುಂದಿನ ವರ್ಷಗಳಲ್ಲೂ ಹೀಗೇ ನಡೆಯಿತು...

ಒಂದು ಮಳೆಗಾಲದಲ್ಲಿ ಆಕೆ ತೀರಿಕೊಂಡರು. ಆ ಡಿಸೆಂಬರ್‌ನಲ್ಲಿ ಮೇಷ್ಟ್ರೇ ಒಂದು ಹಿಡಿ ರಾಗಿ ತಂದು ಅವ್ವನ ಮುಂದಿಟ್ಟರು. ಅವ್ವ ಈ ಸಲ ಎಚ್ಚರದಿಂದಿದ್ದಳು, ಬಟ್ಟಲಿಗೆ ಏನೂ ಸೋಕಿಸಲಿಲ್ಲ. ಒಯ್ಯಲು ಬಂದವರು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾಕ, ವಿಭೂತಿ ಹಚ್ಚಿಲ್ಲೇನ್ರಿ ಅಕ್ಕಾರೆ? ಆಕಿ ತರೋದ್ರಾಗೆ ಇರ್ತಿತ್ತು."

ಅವ್ವ ಜಗಲಿಯಿಂದ ತಂದು ಹಚ್ಚಿದಳು. ಅವರು ಒರೆಸದೆ ಒಯ್ದರು.

ಈಗ ಅವ್ವನೂ ಇಲ್ಲ, ಮೇಷ್ಟ್ರೂ ಇಲ್ಲ. ಅವರಿಗೆ ಮೊದಲ ವರ್ಷವೇ ಗೊತ್ತಿತ್ತೋ ಏನೋ... ಗೊತ್ತಿದೆ ಎಂದು ಒಂದು ಮಾತು ಹೇಳಿದ್ದರೆ, ಆ ಹೆಣ್ಣುಮಗಳು ತನ್ನ ಹಬ್ಬವನ್ನು ಕದ್ದುಮುಚ್ಚಿ ಮಾಡಬೇಕಿರಲಿಲ್ಲ. ಮೇಷ್ಟ್ರಿಲ್ಲದ ಸಂಕಟ ಎಷ್ಟಿದ್ದರೂ ಆ ಸಿಟ್ಟು ನನಗಿನ್ನೂ ಇಳಿದಿಲ್ಲ.