ಬೆಂಕಿಯ ಮುಂದೆ ಅಜ್ಜಿ ಶೂ ಬಿಚ್ಚಿದ್ದು

ನಾನು ತೀರಾ ಚಿಕ್ಕವನು ಆಗ, ಮುಂದಿನ ಎರಡು ಹಾಲುಹಲ್ಲು ಬಿದ್ದಿದ್ದವು. ನಮ್ಮ ಮನೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ. ಅಲ್ಲಿ ನೆಲವೆಲ್ಲ ದೋಸೆ ಕಾವಲಿಯ ಹಾಗೆ ಚಪ್ಪಟೆ. ಗುಡ್ಡ ಎಂದರೆ ನನಗೆ ಗೊತ್ತಿದ್ದದ್ದು ಫ್ರೀವೇ ಮೇಲಿನ ಫ್ಲೈಓವರ್ ಒಂದೇ. ಅಂಥ ನಮ್ಮನ್ನು ಅಪ್ಪ ಒಂದು ಬೇಸಿಗೆ ರಜೆಯಲ್ಲಿ ವಿಮಾನ ಹತ್ತಿಸಿ ಹವಾಯಿ ದ್ವೀಪಕ್ಕೆ ಕರೆದುಕೊಂಡು ಹೋದರು. ಮೈಸೂರಿನಿಂದ ಬಂದಿದ್ದ ಅಪ್ಪನ ಅಮ್ಮ, ನಮ್ಮ ಅಜ್ಜಿ, ಜೊತೆಗಿದ್ದರು. ಆ ದಿನ ನೆನೆದರೆ ಈಗಲೂ ನನಗೆ ಕುಣಿಯುವ ಹಾಗಾಗುತ್ತದೆ ಮಕ್ಕಳೇ, ಮೈಯೂ ನಡುಗುತ್ತದೆ. ಎರಡೂ ಒಟ್ಟಿಗೆ!

ಕಾರು ನಿಲ್ಲಿಸಿ ಕರಿಕಲ್ಲಿನ ಮೇಲೆ ನಡೆದೆವು. ಕಲ್ಲೇನು, ಜ್ವಾಲಾಮುಖಿಯಿಂದ ಹರಿದುಬಂದು ಆರಿದ ಬೆಂಕಿಯೇ ಅದು. ಕಾಲಿಟ್ಟಲ್ಲೆಲ್ಲ ಗಾಜಿನ ಬಳೆ ಒಡೆದಂಥ ಸದ್ದು. ಕೈ ಊರಿದರೆ ಕುಯ್ಯುತ್ತಿತ್ತು. ಅದಕ್ಕೇ ಅಜ್ಜಿಗೆ ಅಕ್ಕನ ಹಳೆಯ ಸ್ಪೋರ್ಟ್ಸ್ ಶೂ ತೊಡಿಸಿದ್ದೆವು. ಮೇಲೆ ಜರಿಯಂಚಿನ ಸೀರೆ, ಕೆಳಗೆ ಗುಲಾಬಿ ಲೇಸು.

"ಅಜ್ಜಿ, ಯು ಲುಕ್ ಸೋ ಕೂಲ್!" ಎಂದು ಅಕ್ಕ ನಕ್ಕಳು.

"ಅದೇನೋ ಗೊತ್ತಿಲ್ಲ, ಬೆರಳಿಗೆ ಮಾತ್ರ ಕಚ್ತಾ ಇದೆ ಕಣೇ," ಎಂದರು ಅಜ್ಜಿ.

ಹಗ್ಗ ಕಟ್ಟಿದ್ದ ಜಾಗ ಬಂತು. ಬಾಯಿ ತೆರೆದವನು ನಾನು ಮುಚ್ಚಲೇ ಇಲ್ಲ. ಕಲ್ಲಿನ ದಂಡೆಯಿಂದ ಬೆಂಕಿ ಸುರಿಯುತ್ತಿತ್ತು! ಬೆಲ್ಲದ ಪಾಕದ ಹಾಗೆ ಮಂದವಾಗಿ, ಕೆಂಪಗೆ, ಆತುರವೇ ಇಲ್ಲದೆ. ಸಮುದ್ರ ಮುಟ್ಟಿದಲ್ಲಿ ಗುಡುಗಿದಂತೆ ಸದ್ದು. ಬಿಳಿ ಹಬೆ ಆಕಾಶಕ್ಕೆ ಏರುತ್ತಿತ್ತು, ಕರಿ ಚೂರುಗಳು ಸಿಡಿಯುತ್ತಿದ್ದವು. ಮುಖಕ್ಕೆ ಒಲೆಬಾಯಿಯ ಕಾವು, ಮೂಗಿಗೆ ಪಟಾಕಿಯ ವಾಸನೆ. ನೀರು ಬೆಂಕಿಯನ್ನು ಆರಿಸುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲಿ ಸಮುದ್ರವೇ ಕುದಿಯುತ್ತಿತ್ತು.

ಹಗ್ಗ ದಾಟಬಾರದೆಂದು ಬೋರ್ಡು ಇತ್ತು. ಅಪ್ಪ ಕ್ಯಾಮೆರಾ ಹಿಡಿದು ದಾಟಿಯೇಬಿಟ್ಟರು.

"ಅಪ್ಪಾ, ಸ್ಟಾಪ್! ಬೋರ್ಡ್ ಓದಿ!" ಅಕ್ಕ ಕಿರುಚಿದಳು.

"ಒಂದೇ ನಿಮಿಷ ಕಣೇ! ಇಷ್ಟು ದೂರ ಬಂದು ಬೆನ್ನ ಹಿಂದೆ ಬೆಂಕಿ ಇರೋ ಫೋಟೊ ಬೇಡ್ವಾ? ಎಲ್ರೂ ಬನ್ನಿ!"

ದಂಡೆಯ ತುದಿಯಲ್ಲಿ ನಿಂತು ಕೈ ಬೀಸಿದರು. ನಾನು ಹಗ್ಗದ ಕೆಳಗೆ ನುಸುಳಲು ಬಗ್ಗಿದೆ. ಅಮ್ಮ ಕಾಲರ್ ಹಿಡಿದೆಳೆದರು. "ರೀ, ಬನ್ರೀ ಈಚೆ!" ಎಂದು ಕೂಗಿದರು. ಅಪ್ಪ ಕೇಳಬೇಕಲ್ಲ!

ಇತ್ತ ಅಜ್ಜಿ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ಬರಿಗಾಲಲ್ಲಿ ಎದ್ದು ಕೈಮುಗಿದು ನಿಂತರು. ಹಿಮ್ಮಡಿಯಿಂದ ರಕ್ತ ಬಂತು.

"ಅಮ್ಮಾ, ಕಾಲು ಕುಯ್ಯುತ್ತೆ, ಹಾಕ್ಕೋ!" ಅಪ್ಪ ಅಲ್ಲಿಂದಲೇ ಕೂಗಿದರು.

"ಅಗ್ನಿ ಮುಂದೆ ಶೂ ಹಾಕ್ಕೊಂಡು ನಿಲ್ಲಲಾ? ಬೇಕಿದ್ರೆ ನೀನೇ ಬಂದು ಹಾಕು. ನಂಗೆ ಈ ಲೇಸು ಗೀಸು ಬರಲ್ಲ."

ಅಪ್ಪ ಗೊಣಗುತ್ತ ಓಡಿಬಂದರು. "ಈ ವಯಸ್ಸಲ್ಲಿ ಇಷ್ಟು ಹಟ ಬೇಕಾ ನಿಂಗೆ?" ಎನ್ನುತ್ತ ಅಜ್ಜಿಯ ಕಾಲ ಬಳಿ ಮಂಡಿಯೂರಿದರು. ಒಂದು ಲೇಸು ಕಟ್ಟಿದರು. ಎರಡನೆಯದಕ್ಕೆ ಕೈ ಹಾಕಿದರು.

ಧಡ್!

ಕಾಲ ಕೆಳಗಿನ ಕಲ್ಲು ನಡುಗಿತು. ತಿರುಗಿ ನೋಡಿದರೆ ಅಪ್ಪ ನಿಂತಿದ್ದ ದಂಡೆಯೇ ಇಲ್ಲ! ನಮ್ಮ ಮನೆ, ಗ್ಯಾರೇಜು, ಹಿತ್ತಿಲು ಎಲ್ಲ ಹಿಡಿಯುವಷ್ಟು ನೆಲ ಕಳಚಿ ಸಮುದ್ರಕ್ಕೆ ಬಿದ್ದಿತ್ತು. ಅಲ್ಲಿ ಬರೀ ಹಬೆ. ಅಪ್ಪ ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡು ಓಡಿದರು. ನಾವೂ ಓಡಿದೆವು.

ಕಾರಿನ ಹತ್ತಿರ ಬಂದಮೇಲೆ ಅಪ್ಪ ಅಜ್ಜಿಯನ್ನು ಸೀಟಿನಲ್ಲಿ ಕೂರಿಸಿದರು. ಮೊದಲು ಬಾಯಿಬಿಟ್ಟವರು ಅಜ್ಜಿಯೇ. "ಏನೋ, ಈಗ ತೆಗೀತೀಯಾ ಫೋಟೊ?"

ಅಪ್ಪ ಅವರ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತರು. ಅಪ್ಪನೂ ಅಳುತ್ತಾರೆಂದು ನನಗೆ ಅವತ್ತೇ ಗೊತ್ತಾದದ್ದು.

ನೀವೀಗ ಇಡ್ಲಿ ತಿನ್ನುತ್ತ ಫೋನಿನಲ್ಲಿ ಅಂಥದೇ ಬೆಂಕಿ ನೋಡುತ್ತೀರಿ. ಬೆರಳಿಟ್ಟು ನಿಲ್ಲಿಸುತ್ತೀರಿ, ಹಿಂದಕ್ಕೂ ಓಡಿಸುತ್ತೀರಿ. ನಿಮ್ಮ ಫೋಟೊ ಎಲ್ಲಿ ಅಜ್ಜ ಎಂದು ನನ್ನನ್ನು ಕೇಳುತ್ತೀರಿ. ಫೋಟೊ ಇಲ್ಲ ಮಕ್ಕಳೇ. ಅಪ್ಪ ನಮ್ಮ ಜೊತೆ ಮನೆಗೆ ಬಂದರು, ಸೋಮವಾರ ಆಫೀಸಿಗೆ ಹೋದರು. ಎಷ್ಟೋ ವರ್ಷದ ಮೇಲೆ ನಿಮ್ಮಮ್ಮನಿಗೆ ಸೈಕಲ್ ಕಲಿಸಿದವರೂ ಅವರೇ, ಅವಳು ಬಿದ್ದಾಗ ಓಡಿಹೋಗಿ ಎತ್ತಿಕೊಂಡವರೂ ಅವರೇ.