ಗದ್ದಿಗೆಗೆ ಬಾರದ ಕಂಬಳಿ

ಯಲ್ಲದಕೆರೆಯ ಚಿತ್ರಲಿಂಗಪ್ಪನ ಕೈಗೆ ಸಿಕ್ಕ ಕುರಿ ಒದೆಯುತ್ತಿರಲಿಲ್ಲ. ಕಾಲು ಕಟ್ಟಿ ಮಲಗಿಸಿ ಮೈಯ ತುಪ್ಪಟ ಕತ್ತರಿಸಿ ಬಿಡಿಸುತ್ತಾ ಹೊಟ್ಟೆಯಿಂದ ಬೆನ್ನಿಗೆ ಬರುವ ಹೊತ್ತಿಗೆ ಅದು ಕಣ್ಣು ಮುಚ್ಚಿಕೊಂಡಿರುತ್ತಿತ್ತು. ಕತ್ತರಿ ಅವನ ಅಪ್ಪನದು, ಸ್ವಾತಂತ್ರ್ಯ ಬಂದ ಮರುವರ್ಷ ಹಿರಿಯೂರು ಸಂತೆಯಲ್ಲಿ ಕೊಂಡದ್ದು. ಇಂಥ ಕೈಗೂ ಕೆಲಸವಿಲ್ಲದಂತಾಯಿತು ನೋಡಿ. ಜನ ಕುರಿಯನ್ನು ಬಾಡೂಟಕ್ಕಷ್ಟೇ ಸಾಕತೊಡಗಿದರು, ಕತ್ತರಿಸಿದ ತುಪ್ಪಟ ಬೇಲಿ ಪಾಲಾಯಿತು, ಕೊನೆಗೆ ಕತ್ತರಿಸು ಬಾ ಎಂದು ಕರೆಯುವವರೂ ಇಲ್ಲವಾದರು.

ಆಗ ಕರೆದವಳು ಚಿತ್ರದುರ್ಗದ ಶಾಂತಕ್ಕ. ನಾಯಿಗಳಿಗೆ ಸ್ನಾನ, ಕ್ಷೌರ ಮಾಡುವ ಅಂಗಡಿ ಅವಳದು.

"ನಾಯಿ ಕೂದ್ಲಾ? ಥೂ! ಜನ ಏನಂತಾರೆ?" ಎಂದಳು ಅವನ ಹೆಂಡತಿ ದುರುಗಕ್ಕ.

"ಅನ್ನೋ ಜನ ಅನ್ನ ಹಾಕ್ತಾರೇನೆ?" ಎಂದು ಬಸ್ಸು ಹತ್ತಿದ.

ಮೊದಲ ದಿನವೇ ಎಡವಟ್ಟು. ಬಂದದ್ದು ಪೂಡ್ಲ್ ಮಿಶ್ರತಳಿಯ ನಾಯಿ, ಮೈತುಂಬ ಸುರುಳಿ ಕೂದಲು. ಕುರಿಮರಿಯನ್ನೇ ಕಂಡಷ್ಟು ಖುಷಿಯಾಗಿಬಿಟ್ಟಿತು ಅವನಿಗೆ. ಕತ್ತರಿಸುವ ಮೊದಲು ಕುರಿಯನ್ನು ಕೆರೆಗಿಳಿಸಿ ತೊಳೆಯುವುದು ರೂಢಿಯಲ್ಲವೇ? ಹಾಗೇ ಇದನ್ನೂ ತಿಕ್ಕಿ ತಿಕ್ಕಿ ತೊಳೆದ. ಒಳಗಿದ್ದ ಗಂಟುಗಳು ನೆನೆದು, ಒಣಗಿ, ಬುಡದಲ್ಲಿ ಬಿಗಿದುಕೊಂಡವು.

"ಅಯ್ಯೋ ನಿನ್ನ! ಇದು ಕುರಿಯಲ್ಲಪ್ಪೋ," ಎಂದು ಶಾಂತಕ್ಕ ತಲೆ ಚಚ್ಚಿಕೊಂಡಳು. "ಮೊದ್ಲು ಬಾಚ್ಬೇಕು, ಚರ್ಮದ ತಂಕ ಬಾಚ್ಬೇಕು. ನೀರು ಆಮ್ಯಾಕೆ. ಮ್ಯಾಲೆ ಹೂವಿನಂಗೆ ಕಾಣ್ತೈತೆ, ಕೆಳಗೆ ಕಂಬಳಿ ಆಗಿರ್ತೈತೆ."

ಅವನು ಬೈಸಿಕೊಂಡು ಕಲಿತ. ಈ ಮಿಶ್ರತಳಿಯಲ್ಲಿ ಒಂದೇ ಸೂಲಿನ ಮರಿಗಳಾದರೂ ಒಂದರ ಕೂದಲಿನಂತೆ ಇನ್ನೊಂದರದಿಲ್ಲ. ನೇರ ಕೂದಲಿನದಕ್ಕೆ ಆಗಾಗ ಬಾಚಿದರೆ ಸಾಕು, ಆದರೆ ಮನೆಯೆಲ್ಲ ಕೂದಲು. ಅಲೆಅಲೆಯಾಗಿರುವುದು ಕಿವಿಯ ಹಿಂದೆ, ಕಂಕುಳಲ್ಲಿ ಕದ್ದು ಗಂಟು ಕಟ್ಟುತ್ತದೆ. ಸುರುಳಿಯದ್ದರ ಕಥೆ ಕೇಳಲೇಬೇಡಿ. ಅದರ ಕೂದಲು ಉದುರಿದರೂ ನೆಲಕ್ಕೆ ಬೀಳದೆ ಸುರುಳಿಯಲ್ಲೇ ಸಿಕ್ಕಿಕೊಂಡು ಜಡೆಗಟ್ಟುತ್ತದೆ, ಮರಿಗೂದಲು ಹೋಗಿ ದೊಡ್ಡ ಕೂದಲು ಬರುವ ತಿಂಗಳುಗಳಲ್ಲಂತೂ ದಿನಾ ಬಾಚಣಿಗೆ ಹಿಡಿಯಬೇಕು. ಕೂದ್ಲು ಉದುರಲ್ಲ, ಏನೂ ಮಾಡೋದು ಬೇಡ ಎಂದು ಯಾರೋ ಹೇಳಿದ್ದನ್ನು ನಂಬಿ ಕೊಂಡವರು ಕೊನೆಗೆ ಶಾಂತಕ್ಕನ ಬಾಗಿಲಿಗೇ ಬರುತ್ತಿದ್ದರು. ಚಿತ್ರಲಿಂಗಪ್ಪ ಅಂಗಡಿಯ ಮಿಷನ್ ಹಿಡಿದು ನೋಯಿಸದಂತೆ ಬೋಳಿಸುತ್ತಿದ್ದ. ಅಪ್ಪನ ಕತ್ತರಿ ಮಾತ್ರ ಊರಲ್ಲೇ, ಬಟ್ಟೆ ಸುತ್ತಿ ತೊಲೆಯ ಸಂದಿಯಲ್ಲಿತ್ತು. ಅದನ್ನು ಅವನು ನಾಯಿಗೆ ಮುಟ್ಟಿಸಲಿಲ್ಲ.

ಯಾಕೆಂದರೆ ಮಗಳು ಹುಲಿಗೆಮ್ಮನ ಮದುವೆಗೆ ಅದು ಬೇಕಿತ್ತು. ಅವರಲ್ಲಿ ಮದುಮಕ್ಕಳು ಕೂರುವುದು ಕಂಬಳಿ ಹಾಸಿದ ಗದ್ದಿಗೆಯ ಮೇಲೆ. ಆ ಕಂಬಳಿ ತನ್ನ ಕೈಯದೇ ಆಗಬೇಕೆಂಬುದು, ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವನಿಗಿದ್ದ ಒಂದೇ ಆಸೆ. ಹೊಸದುರ್ಗದ ಕಡೆಯ ದಾಸಣ್ಣನ ಮಗ, ಚಿತ್ರದುರ್ಗದಲ್ಲಿ ನೌಕರಿಯಲ್ಲಿದ್ದವನೊಂದಿಗೆ ಸಂಬಂಧ ಕುದುರಿದ್ದೇ ತಡ, ಅಪ್ಪನ ಕತ್ತರಿ ತೆಗೆದು ಮನೆಯ ಕರಿಕುರಿಗಳ ತುಪ್ಪಟ ಬಿಡಿಸಿದ. ದುರುಗಕ್ಕ ನೂತಳು. ತಾನೇ ನೇಯ್ದ ಕಂಬಳಿಗೆ, ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಬಳಿದು ಒಣಗಿಸಿದಾಗ ಅವನಿಗೆ ಎದೆ ತುಂಬಿ ಬಂತು.

ಮದುವೆಯ ಬೆಳಿಗ್ಗೆ ಅದನ್ನು ಹಾಸಲು ಬಗ್ಗಿದ. ದಾಸಣ್ಣ ಕೈ ಹಿಡಿದ.

"ತಪ್ಪು ತಿಳ್ಕಬ್ಯಾಡ್ರಿ ಬೀಗ್ರೇ. ನಮ್ಮ ಕಡೆ ಹಿರೇರು ಒಪ್ಪಲ್ಲ. ನಾಯಿ ಬೋಳ್ಸೋ ಕತ್ರೀಲಿ ತೆಗ್ದಿರೋ ತುಪ್ಪಟ ಇದು."

"ಇಲ್ರೀ, ದೇವರಾಣೆ! ತುಪ್ಪಟ ಬಿಡ್ಸಿದ ಕತ್ರಿ ನಾಯಿ ಮುಟ್ಟಿಲ್ಲ. ಅದು ನಮ್ಮಪ್ಪಂದು."

"ಕತ್ರಿ ಬ್ಯಾರೆ ಇರಬೌದು. ಕೈ ಅದೇ ಅಲ್ಲೇನ್ರಿ?"

ಬೀಗರ ಕಾರಿನಿಂದ ಅಂಗಡಿಯಲ್ಲಿ ಕೊಂಡ ಕಂಬಳಿ ಬಂತು, ಪ್ಲಾಸ್ಟಿಕ್ ಚೀಲದ ಸಮೇತ. ಅದರಲ್ಲಿ ಒಂದೆಳೆ ತುಪ್ಪಟವಿತ್ತೋ ಇಲ್ಲವೋ, ದೇವರೇ ಬಲ್ಲ! ಚಿತ್ರಲಿಂಗಪ್ಪನಿಗೆ ಮೈ ಉರಿದುಹೋಯಿತು. ಎದ್ದು ಹೋಗೋಣ ಎಂದರೆ, ಎದುರಿಗೆ ಬಾಸಿಂಗ ಕಟ್ಟಿಕೊಂಡ ಮಗಳು. ನುಂಗಿಕೊಂಡ. ತನ್ನ ಕಂಬಳಿಯನ್ನು ಮಡಚಿ ಅವಳ ಟ್ರಂಕಿನ ತಳಕ್ಕೆ ತುರುಕಿದ. "ಚಳಿಗಾದ್ರೂ ಹೊದ್ಕಳವ್ವ," ಎಂದ.

ಮುಂದಿನ ವರ್ಷ ದಾಸಣ್ಣನೇ ಫೋನು ಮಾಡಿದ. ಈಗ ಅವನೂ ಚಿತ್ರದುರ್ಗದಲ್ಲಿ ಮಗನ ಮನೆಯಲ್ಲೇ ಇದ್ದ.

"ಬೀಗ್ರೇ, ಹುಡುಗ ಅದೇನೋ ಪೂಡ್ಲ್ ಜಾತಿ ನಾಯಿ ತಂದವ್ನೆ. ದಿನಾ ಸೋಪು ಹಾಕಿ ತೊಳೀತಿದ್ವಿ, ಮೈಯೆಲ್ಲ ಗಂಟು, ಮುಟ್ಟಿದ್ರೆ ಕಚ್ಚಕ್ ಬರ್ತೈತೆ. ನಿಮ್ಮ ಕೈ ಬಾಳ ಚೆನ್ನಾಗೈತಂತಲ್ರಿ, ಒಂದೀಟು ಬಂದು ಹೋಗ್ರಿ."

ಕೈ ಚೆನ್ನಾಗೈತಂತೆ! ಹೋಗಬಾರದು ಎಂದುಕೊಂಡ. ಮಗಳ ಮುಖ ನೆನಪಾಗಿ ಹೋದ.

ನಾಯಿ ವರಾಂಡದ ಮೂಲೆಯಲ್ಲಿ ಮಲಗಿತ್ತು. ಅದರ ಕೆಳಗೆ ನಾಲ್ಕು ಮಡಿಕೆಯಾಗಿ ಹಾಸಿದ್ದ ಕರಿ ಕಂಬಳಿಯ ಅಂಚನ್ನು ಕಂಡು ಚಿತ್ರಲಿಂಗಪ್ಪ ನಿಂತಲ್ಲೇ ನಿಂತ. ದುರುಗಕ್ಕ ನೂತ ದಾರ ಅವನಿಗೆ ಗುರುತು ಸಿಗದೇ ಇರುತ್ತದೆಯೇ?

ಬಾಗಿಲಲ್ಲಿದ್ದ ಹುಲಿಗೆಮ್ಮ ನೆಲ ನೋಡಿದಳು. "ಮಾವಾರು ಹಾಕ್ಸಿದ್ರಪ್ಪ," ಎಂದಳು ಮೆಲ್ಲಗೆ.

ಅವನು ಕೂತ. ನಾಯಿಯ ಚರ್ಮ ಗಂಟುಗಳ ಕೆಳಗೆ ಕೆಂಪಾಗಿ ಹುಣ್ಣಾಗಿತ್ತು. ಪಾಪ, ಅದರ ತಪ್ಪೇನು? ಗೀರು ಬೀಳದಂತೆ ಬೋಳಿಸಿದ. ಅದು ಕಣ್ಣು ಮುಚ್ಚಿ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಕೆಲಸ ಮುಗಿದಮೇಲೆ ಎದ್ದವನು ಕಂಬಳಿಯನ್ನು ಕೊಡವಿ, ಮಡಚಿ, ಹೆಗಲಿಗೆ ಹಾಕಿಕೊಂಡ.

"ಅದ್ಯಾಕ್ರಿ ತಗಂಡ್ರಿ? ನಾಯಿ ಎಲ್ಲಿ ಮಲಗ್ಬೇಕು?" ಎಂದ ದಾಸಣ್ಣ.

ಗದ್ದಿಗೆಗೆ ಹಾಸಿದ್ರಲ್ಲ, ಆ ಕಂಬಳಿ ಮೇಲೆ ಮಲಗಿಸ್ರಿ! ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಲಿಗೆಮ್ಮ ಹತ್ತಿರ ಬಂದು ಅವನ ತೋಳು ಹಿಡಿದಳು.

"ಇಟ್ಟು ಹೋಗಪ್ಪ," ಎಂದಳು. "ನಾನು ಇಲ್ಲೇ ಬಾಳ್ಬೇಕಲ್ಲ."

ಚಿತ್ರಲಿಂಗಪ್ಪ ಬಗ್ಗಿ, ಸುಕ್ಕಿಲ್ಲದಂತೆ ನಾಲ್ಕೂ ಮೂಲೆ ಎಳೆದು, ತನ್ನ ಕೈಯಾರೆ ಕಂಬಳಿ ಹಾಸಿದ. ಬೋಳು ಮೈಯ ನಾಯಿ ನಡುಗುತ್ತಾ ಬಂದು ಅದರ ಮೇಲೆ ಕೂತಿತು.