ಹಿಂಬಾಗಿಲಿಂದ ಹೋಗುತ್ತಿದ್ದ ಕೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಕೇಕಕ್ಕ ಕೋಕೋ ಪುಡಿಯ ಮೇಲೆ ಕುದಿಯುವ ಡಿಕಾಕ್ಷನ್ ಸುರಿಯುತ್ತಿದ್ದಾರೆ. ಅಡುಗೆಮನೆ ತುಂಬ ಘಮ್ಮೆನ್ನುತ್ತದೆ. ಪಕ್ಕದಲ್ಲಿ ನಾದಿನಿ ಅರೆನಿದ್ದೆಗಣ್ಣಲ್ಲೇ ಮೈದಾ ಜರಡಿ ಹಿಡಿಯುತ್ತಿದ್ದಾಳೆ. ಕೋಕೋ ಆರಿದ ಮೇಲೆ ಮೊಟ್ಟೆ, ಮೊಸರು, ಎಣ್ಣೆ, ಸಕ್ಕರೆ ಸೇರುತ್ತವೆ. ಹಿಟ್ಟು ಬೀಳುವುದು ಕೊನೆಗೆ. ಅದು ಬಿದ್ದ ಮೇಲೆ ಸೌಟು ಒಂದೆರಡು ಸುತ್ತು ಹೆಚ್ಚು ತಿರುಗಿತೋ, ಕೇಕಕ್ಕನ ಹುಬ್ಬು ಗಂಟಿಕ್ಕಿತೆಂದೇ ಅರ್ಥ.

"ಸಾಕು ಬಿಡೇ. ಅದೇನು ಬಟ್ಟೆ ಒಗೀತಿದ್ದೀಯಾ?"

ನಾದಿನಿ ನಗುವುದಿಲ್ಲ. ಈ ಮಾತು ದಿನಾ ಕೇಳಿ ಅವಳ ಕಿವಿ ಜಡ್ಡುಗಟ್ಟಿದೆ. ಒರಟಾಗಿ ಕತ್ತರಿಸಿದ ಚಾಕೊಲೇಟ್ ಚೂರುಗಳನ್ನು ಉದುರಿಸಿ, ಕಾಗದ ಹಾಸಿದ ಉದ್ದನೆಯ ಅಚ್ಚುಗಳಿಗೆ ಹಿಟ್ಟು ಹೊಯ್ಯುತ್ತಾಳೆ. ಓವನ್ ಯಾರೋ ಬಳಸಿ ಬಿಟ್ಟಿದ್ದು. ಬಾಗಿಲು ಪೂರ್ತಿ ಕೂರುವುದಿಲ್ಲ, ಮರದ ತುಂಡೊಂದರ ಒತ್ತು ಕೊಡಬೇಕು. ಒಂದು ಸಲಕ್ಕೆ ನಾಲ್ಕೇ ಕೇಕು. ಹತ್ತು ಗಂಟೆಯೊಳಗೆ ಮೂರು ಸರದಿ ಮುಗಿಯಬೇಕು, ನಡುವೆ ಕರೆಂಟ್ ಕೈಕೊಡಬಾರದು.

ಇಟ್ಟಿಗೆಯ ಆಕಾರದ, ನೆತ್ತಿಯ ಮೇಲೆ ಉದ್ದಕ್ಕೆ ಬಿರುಕು ಬಿಟ್ಟ ಕಪ್ಪು ಕೇಕು. ಕೆನೆ ಇಲ್ಲ, ಅಲಂಕಾರ ಇಲ್ಲ. ಚಾಕು ಇಟ್ಟರೆ ಉದುರುವುದಿಲ್ಲ, ಬಾಯಿಗಿಟ್ಟರೆ ನೀರು ಬೇಡುವುದಿಲ್ಲ. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಅಂಟಬಾರದು, ಒದ್ದೆ ಪುಡಿ ಅಂಟಬೇಕು. ಆಗಲೇ ಇಳಿಸಿ, ಇನ್ನೂ ಉಗುರುಬೆಚ್ಚಗಿರುವಾಗಲೇ ಸುತ್ತಿಡಬೇಕು. ಇದರಲ್ಲಿ ಗುಟ್ಟೇನೂ ಇಲ್ಲ ಎನ್ನುತ್ತಾರೆ ಅವರು. ಕೇಳಿದವರಿಗೆಲ್ಲ ಹೇಳಿಕೊಡುತ್ತಾರೆ.

ಕೇಳದೆ ತೆಗೆದುಕೊಂಡವರ ಮೇಲೆ ಮಾತ್ರ ಅವರ ಸಿಟ್ಟು ಇಂದಿಗೂ ಇಳಿದಿಲ್ಲ.

ಕೇಕಕ್ಕ ಮೊದಲು ಒಂದು ಬೇಕರಿಯಲ್ಲಿ ಬಿಸ್ಕತ್ತು ಕಟ್ಟುವ ಕೆಲಸದಲ್ಲಿದ್ದರು. ಓವನ್ನಿನ ಹತ್ತಿರ ಹೆಂಗಸರನ್ನು ಬಿಡುತ್ತಿರಲಿಲ್ಲ. ಕಟ್ಟುತ್ತಲೇ ಕಣ್ಣಲ್ಲಿ ಕಲಿತರು. ಬೇಕರಿ ಮುಚ್ಚಿತು. ಅದೇ ವರ್ಷ ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಮನೆಯಲ್ಲಿ ದುಡಿಯುವ ಕೈ ಅಂತ ಉಳಿದದ್ದು ಹೊಲಿಗೆ ಕಾರ್ಖಾನೆಗೆ ಹೋಗುವ ನಾದಿನಿಯದೊಂದೇ. ಆಗ ಮುಖ್ಯರಸ್ತೆಯ ಕೆಫೆಯೊಂದರ ಒಡತಿ ಇವರ ಕೇಕಿನ ರುಚಿ ನೋಡಿ, ದಿನಾ ತಂದುಕೊಡಿ ಎಂದರು. ಎರಡು ಷರತ್ತು ಹಾಕಿದರು. ಹಿಂದಿನ ಬಾಗಿಲಿಂದ ಬರಬೇಕು. ಬೇರೆ ಯಾರಿಗೂ ಮಾರಕೂಡದು.

ದೇವರಂಥ ಮನುಷ್ಯರು ಅಂದುಕೊಂಡೆ ಎಂದು ಕೇಕಕ್ಕ ಹೇಳುವಾಗ ಧ್ವನಿ ಗಡುಸಾಗುತ್ತದೆ. ನಾಲ್ಕು ವರ್ಷ ಹಾಗೇ ನಡೆಯಿತು. ಗ್ಯಾಸ್ ಸಿಲಿಂಡರುಗಳ ಪಕ್ಕ, ಪಾತ್ರೆ ತೊಳೆದ ನೀರು ಹರಿಯುವ ಕಡೆ ನಿಂತು ಡಬ್ಬ ಕೊಟ್ಟು ಬರುವುದು. ಒಳಗೆ ಏನಾಗುತ್ತದೆ ಅಂತ ಇಣುಕಿದವರಲ್ಲ.

ಒಂದು ಬೆಳಿಗ್ಗೆ ಹಿಂದಿನ ಬಾಗಿಲು ತೆಗೆಯುವವರು ಬಂದಿರಲಿಲ್ಲ. ಕೇಕಕ್ಕ ಬಳಸಿಕೊಂಡು ಮುಂದಿನಿಂದ ಹೋದರು. ಗಲ್ಲಾದ ಹಿಂದೆ ದೊಡ್ಡ ಚಿತ್ರ: ಮೂಗಿಗೆ ಹಿಟ್ಟು ಮೆತ್ತಿಕೊಂಡ ಒಡತಿ, ಕೈಯಲ್ಲಿ ಇವರ ಕೇಕು. ಕೆಳಗೆ, 'ನಮ್ಮಜ್ಜಿ ಕಲಿಸಿದ್ದು, ನಾನೇ ಮಾಡಿದ್ದು'. ಆ ಹೊತ್ತಿಗೆ ಸರಿಯಾಗಿ ಒಡತಿ ಗಿರಾಕಿಯೊಬ್ಬರಿಗೆ ತಾನು ಬೆಳಗಾಗುವ ಮೊದಲೇ ಎದ್ದು ಕೋಕೋ ಕಲಸುವ ಕಥೆ ಹೇಳುತ್ತಿದ್ದರು. ಡಬ್ಬ ಹಿಡಿದು ನಿಂತ ಹೆಂಗಸನ್ನು ತೋರಿಸಿ ಇವರು ಯಾರು ಅಂತ ಆ ಗಿರಾಕಿ ಕೇಳಿದ್ದಕ್ಕೆ, ಸಾಮಾನು ತರೋರು ಅಂದುಬಿಟ್ಟರು.

ಕೇಕಕ್ಕ ಪಕ್ಕಕ್ಕೆ ಸರಿದು ನಿಂತರು. ಗಿರಾಕಿ ಎದ್ದುಹೋಗುವ ತನಕ ಕಾದರು. ಆಮೇಲೆ ಹತ್ತಿರ ಹೋಗಿ, ಹೀಗ್ಯಾಕೆ ಹೇಳಿದಿರಿ ಅಂತ ಮೆಲ್ಲಗೇ ಕೇಳಿದರು. ಒಡತಿಗೆ ನಾಚಿಕೆಯೂ ಆಗಲಿಲ್ಲ.

"ನಿಮ್ಮ ಅಡುಗೆಮನೇಲಿ ಆಗಿದ್ದು ಅಂತ ಗೊತ್ತಾದ್ರೆ ಯಾರ್ರೀ ಮುಟ್ತಾರೆ?"

ಸುಳ್ಳು ಹೇಳಿದ್ದನ್ನು ಬೇಕಾದರೆ ನುಂಗಿಕೊಳ್ಳುತ್ತಿದ್ದೆ ಎನ್ನುತ್ತಾರೆ ಕೇಕಕ್ಕ. ಈ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. "ದಿನಾ ನೆಲ ಉಜ್ಜಿ, ಕೂದಲಿಗೆ ಬಟ್ಟೆ ಕಟ್ಕೊಂಡು ಮಾಡ್ತೀನಿ. ನನ್ನ ಕೈಯಿಂದಾನೇ ನಾಲ್ಕು ವರ್ಷ ತಿಂದಿದ್ದಾರಲ್ಲ, ಯಾರ ಹೊಟ್ಟೆ ಕೆಟ್ಟಿತ್ತು? ಮೈಯೆಲ್ಲ ಉರಿದುಹೋಯ್ತು." ಕೊಡಬೇಕಿದ್ದ ಡಬ್ಬವನ್ನು ಕೊಡದೆ ಹಾಗೇ ಎತ್ತಿಕೊಂಡು ಮನೆಗೆ ಬಂದರು.

ಮನೆಯಲ್ಲಿ ಇನ್ನೊಂದು ಯುದ್ಧ. ಹೋಗಿ ತಪ್ಪಾಯ್ತು ಅನ್ನು, ಹೆಸರು ಕಟ್ಕೊಂಡು ಏನು ಮಾಡ್ತೀಯಾ ಎಂದು ಗಂಡ ಕೂಗಾಡಿದರು. ತಪ್ಪು ಯಾರದು ಅಂತ ಇವರು ತಿರುಗಿ ಕೂಗಿದರು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಕೇಕಕ್ಕ ಓಣಿಗೆ ತೆರೆಯುವ ಅಡುಗೆಮನೆ ಕಿಟಕಿಯ ಪರದೆ ಕಿತ್ತುಹಾಕಿ, ಅಲ್ಲೇ ಹಲಗೆ ಇಟ್ಟು ಕೇಕು ಜೋಡಿಸಿದರು. ನೋಡುವವರು ನೋಡಲಿ, ಒಲೆ, ನೆಲ, ಕೈ ಎಲ್ಲ ನೋಡಲಿ ಎಂಬ ಹಟ.

ಯಾರೂ ಬರಲಿಲ್ಲ. ಮೊದಲ ವಾರ ಬೆಳಿಗ್ಗೆ ಕೇಕು, ಮಧ್ಯಾಹ್ನ ಕೇಕು, ಕೊನೆಗೆ ಊಟಕ್ಕೂ ಅದೇ ಆಗಿ, ಗಂಡನಿಗೆ ಚಾಕೊಲೇಟ್ ಅಂದರೆ ವಾಕರಿಕೆ ಬರುವಂತಾಯಿತು. ಕೇಕಕ್ಕ ಪಾತ್ರೆ ಉಜ್ಜುತ್ತ ಅತ್ತದ್ದೂ ಉಂಟು, ಅದೂ ಸಿಟ್ಟಿನ ಅಳು. ಉಳಿದದ್ದನ್ನು ನಾದಿನಿ ಹೋಳು ಮಾಡಿ ಕಾರ್ಖಾನೆಗೆ ಒಯ್ದಳು. ಹೊಲಿಗೆಯವರು ತಿಂದು ಬೆರಳು ನೆಕ್ಕಿದರು, ಮನೆಗೂ ಬೇಕು ಅಂದರು. ಹುಟ್ಟುಹಬ್ಬಕ್ಕೆ ಒಬ್ಬರು, ನೆಂಟರ ಮನೆಗೆ ಹೋಗಲು ಇನ್ನೊಬ್ಬರು ಕೊಂಡರು. ತಿಂಗಳೊಪ್ಪತ್ತಿನಲ್ಲಿ ಕಿಟಕಿಯ ಮುಂದೆ ಸಾಲು ನಿಲ್ಲತೊಡಗಿತು. ಕೇಕಕ್ಕ ಎಂಬ ಹೆಸರಿಟ್ಟದ್ದು ಆ ಸಾಲೇ. ಗಂಡ ಈಗ ಕುರ್ಚಿಯಲ್ಲಿ ಕೂತು ಕಾಗದ ಕತ್ತರಿಸಿ ಅಚ್ಚಿಗೆ ಹಾಸುತ್ತಾರೆ. ತಾನು ಅಂದೇ ಧೈರ್ಯ ಹೇಳಿದ್ದೆ ಅಂತ ಬಂದವರ ಮುಂದೆ ಹೇಳಿಕೊಳ್ಳುತ್ತಾರೆ. ಕೇಕಕ್ಕ ಆಗೊಮ್ಮೆ ದುರುಗುಟ್ಟಿ ನೋಡಿ ಕೆಲಸಕ್ಕೆ ತಿರುಗುತ್ತಾರೆ.

ಕೆಫೆಯಲ್ಲಿ ಬೇರೆ ಯಾರೋ ಮಾಡಿಕೊಟ್ಟ ಕೇಕು ಒಣಒಣ ಅಂತ ಗಿರಾಕಿಗಳು ಗೊಣಗಿದರಂತೆ. ಒಂದು ಬೆಳಿಗ್ಗೆ ಒಡತಿಯೇ ಬಂದರು. ಸಾಲನ್ನು ದಾಟಿ ನೇರ ಕಿಟಕಿಗೆ ಬಂದು, ನಡೆದದ್ದು ನಡೆದುಹೋಯಿತು, ಮತ್ತೆ ತಂದುಕೊಡಿ, ಈ ಸಲ ಹೆಚ್ಚಿಗೆ ಕೊಡುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆ ಚಿತ್ರ ತೆಗೆದಿರಾ ಎಂದು ಕೇಕಕ್ಕ ಕೇಳಿದರು. ಒಡತಿ ಮತ್ತೆ ದುಡ್ಡಿನ ಮಾತಿಗೇ ಬಂದರು.

"ಕೇಕು ಬೇಕಾದ್ರೆ ಸಾಲಲ್ಲಿ ನಿಂತ್ಕೊಳ್ಳಿ. ನಿಮಗೂ ಕೊಡ್ತೀನಿ."

ಒಡತಿ ನಿಲ್ಲಲಿಲ್ಲ, ಬಂದ ದಾರಿ ಹಿಡಿದರು. ಆ ಚಿತ್ರ ಇವತ್ತಿಗೂ ಗಲ್ಲಾದ ಹಿಂದೆ ಇದೆ.

ಈಗಲಾದರೂ ಮನಸ್ಸು ತಣ್ಣಗಾಯಿತೇ ಎಂದರೆ ಕೇಕಕ್ಕ ಅಚ್ಚು ಕೆಳಗಿಟ್ಟು ನೋಡುತ್ತಾರೆ. "ಯಾಕೆ ತಣ್ಣಗಾಗ್ಬೇಕು? ಅವರು ಇನ್ನೂ ಅದೇ ಸುಳ್ಳು ಹೇಳ್ತಿದ್ದಾರೆ. ನನ್ನ ಸಿಟ್ಟಿಂದ ಯಾರಿಗೆ ಏನು ತೊಂದರೆ? ಕೆಲಸ ನಡೀತಿದೆ."

ಎರಡನೆಯ ಸರದಿ ಒಳಗೆ ಹೋಗುತ್ತದೆ. ಸೆರಗಿನಲ್ಲಿ ಹಣೆ ಒರೆಸಿಕೊಂಡು, ತಾವಾಗಿಯೇ ಕಳೆದ ವಾರದ ಸುದ್ದಿ ತೆಗೆಯುತ್ತಾರೆ. ಒಬ್ಬ ಹಿರಿಯರು ಕೊಂಡುಹೋದ ಕೇಕನ್ನು ವಾಪಸು ತಂದು, ನಡುವೆ ಹಸಿ ಇದೆ ಎಂದು ಕಿಟಕಿಯಲ್ಲೇ ತರಾಟೆಗೆ ತೆಗೆದುಕೊಂಡರು. ಕತ್ತರಿಸಿ ನೋಡಿದರೆ ನಿಜವಾಗಿಯೂ ಹಸಿ. ಸಾಲಿನವರೆಲ್ಲ ಕೇಳಿಸಿಕೊಂಡರು, ನಾದಿನಿ ತಲೆ ತಗ್ಗಿಸಿದಳು. ಕೇಕಕ್ಕ ತಪ್ಪಾಯಿತೆಂದು ಬೇರೊಂದು ಕೇಕು ಕೊಟ್ಟು ಕಳಿಸಿದರು. ಇದನ್ನು ಹೇಳುತ್ತ ಮೊದಲ ಬಾರಿ ಅವರ ಮುಖ ಸಡಿಲಾಗುತ್ತದೆ.

"ಕೆಫೆಗೆ ಕೊಡ್ತಿದ್ದಾಗ ಹೊಗಳಿಕೆ ಹೋಗಲಿ, ಒಂದು ಬೈಗುಳವೂ ನನ್ನ ಹತ್ತಿರ ಬರ್ತಿರಲಿಲ್ಲ. ಅವತ್ತು ಆ ಹಿರಿಯರು ಬೆರಳು ತೋರಿಸಿ ನನ್ನನ್ನೇ ಬೈದ್ರು. ನೀನು ಮಾಡಿದ್ದು ಸರಿಯಿಲ್ಲ ಅಂದ್ರು. ಹೌದು, ನಾನೇ ಮಾಡಿದ್ದು ಅಂದೆ."